ಇಂಗ್ಲಿಷು ಕಲಿಸುವ ಕನ್ನಡಿಗನ ಮುಂದಿನ ದಾರಿ

ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ನನ್ನ ಮನೆಗೆ ಬಂದಿದ್ದಳು. ಇಚಲಕರಂಜಿಯಲ್ಲಿ ನಾಲ್ಕು ಮಗ್ಗಗಳನ್ನು ನಡೆಸಿಕೊಂಡಿರುವ ನೇಕಾರ ಮನೆತನ. ಮನೆಯ ಮಾತು ಕನ್ನಡ, ಬೀದಿಯ ಮಾತು ಮರಾಠಿ. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತು, ಮುಂದೆ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎ. ಮಾಡಿ, ಬಿ.ಎಡ್. ಪದವಿಯನ್ನೂ ಪಡೆದು ಬಂದಿದ್ದಳು. ಪೇಡೆಯ ಪೊಟ್ಟಣವನ್ನು ಮುಂದಿಟ್ಟು ಆಕೆ ಕೇಳಿದ್ದು ಒಂದೇ ಮಾತು: “ಸರ್, ಎಲ್ಲಾ ಮುಗೀತು. ಈಗ ಮುಂದೇನ್ ಮಾಡ್ಲಿ ಹೇಳ್ರಿ.” ತಂದೆಯ ಮಾತು ಇನ್ನೂ ನೇರವಾಗಿತ್ತು: “ಹುಡುಗಿ ಪಾಸಾದ್ಲು, ಖರೇ ಅದರಿ. ಆದರ ನಮ್ಮ ಮನ್ಯಾಗ ಇಂಗ್ಲಿಷ್ ಆಡಿದವರು ಯಾರೂ ಇಲ್ರಿ. ನಮ್ಮಂಥವರ ಮಗಳು ಕಲಿಸಿದ ಇಂಗ್ಲಿಷ್ ಮಂದಿ ಒಪ್ತಾರೇನ್ರಿ?”

ಆ ಸಂಜೆ ಅವರಿಗೆ ಹೇಳಿದ್ದನ್ನೂ, ಹೇಳಲು ಮರೆತು ಆಮೇಲೆ ನೆನಪಾದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಶಾಲೆಯಿಂದ ಹೊರಬಿದ್ದವರಲ್ಲಿ ಪ್ರತಿವರ್ಷ ಒಬ್ಬಿಬ್ಬರಾದರೂ ಈ ಹಾದಿ ಹಿಡಿಯುತ್ತಾರೆ; ಅವರ ಪಾಲಕರ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಇದ್ದೇ ಇರುತ್ತದೆ.

ಮೊದಲು ತಂದೆಯ ಪ್ರಶ್ನೆಗೆ ಬರೋಣ. ಇಂಗ್ಲಿಷು ಕಲಿಸಲು ಇಂಗ್ಲಿಷು ತಾಯ್ನುಡಿಯಾದವನೇ ಬೇಕೆಂಬ ಭಾವನೆ ಹಳ್ಳಿಗರ ಅಳುಕು ಮಾತ್ರವಲ್ಲ. ವಿದ್ವಾಂಸರೂ ಬಹುಕಾಲ ಅದನ್ನೇ ನಂಬಿದ್ದರು. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಇಂಗ್ಲಿಷು ಬೋಧನೆಯ ಸಮ್ಮೇಳನವೊಂದು ಕೂಡಿತ್ತು. ತಾಯ್ನುಡಿಯವನೇ ಆದರ್ಶ ಶಿಕ್ಷಕನೆಂಬುದು ಆ ಸಮ್ಮೇಳನದೊಡನೆ ತಳಕುಹಾಕಿಕೊಂಡು ಬಂದ ನಂಬಿಕೆಗಳಲ್ಲೊಂದು. ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದೊಂದು ಭ್ರಮೆಯೆಂದು ಬರೆದರು. ಅದಾದ ಎರಡು ವರ್ಷಕ್ಕೆ ಹಂಗೇರಿಯ ಪೀಟರ್ ಮೆಡ್ಯೆಶ್, ತಾವೇ ಇಂಗ್ಲಿಷನ್ನು ಪರಭಾಷೆಯಾಗಿ ಕಲಿತವರು, ಪರಭಾಷಿಕ ಶಿಕ್ಷಕನ ಕುಂದುಗಳನ್ನೂ ಬಲಗಳನ್ನೂ ಮುಚ್ಚುಮರೆಯಿಲ್ಲದೆ ತೂಗಿ ನೋಡಿ ಒಂದು ಪುಸ್ತಕವನ್ನೇ ಬರೆದರು. ತಾನು ಕಷ್ಟಪಟ್ಟು ಕಲಿತವನಾದ್ದರಿಂದಲೇ ಕಲಿಯುವವನ ಕಷ್ಟ ಅವನಿಗೆ ಮುಂಚೆಯೇ ಗೊತ್ತಾಗುತ್ತದೆಂಬುದು ಅವರು ಎಣಿಸಿದ ಬಲಗಳಲ್ಲೊಂದು.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವನ್ನೇ ನೋಡಿರಿ. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಮರಳಿ ಬಂದ ವಿನಾಯಕ ಕೃಷ್ಣ ಗೋಕಾಕರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿದ್ದರು. 1950ರಿಂದ 1952ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾಗಿದ್ದರು. ಇಡಿಯ ದೇಶದ ಇಂಗ್ಲಿಷು ಅಧ್ಯಾಪಕರಿಗೆ ತರಬೇತಿ ಕೊಡಲೆಂದು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷು ಸಂಸ್ಥೆ ತೆರೆದ ಮೇಲೆ ಅದರ ನಿರ್ದೇಶಕ ಸ್ಥಾನಕ್ಕೂ ಬಂದರು. ಅವರ ಬಳಿಕದ ತಲೆಮಾರಿನಲ್ಲಿ ಹಳಿಯಾಳದ ಶಾಂತಿನಾಥ ದೇಸಾಯಿಯವರು 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷು ವಿಭಾಗದ ಮುಖ್ಯಸ್ಥರಾಗಿದ್ದರು. ಹಗಲು ಇಂಗ್ಲಿಷು ಸಾಹಿತ್ಯದ ಪಾಠ ಹೇಳಿದ ಅವರೇ ಕನ್ನಡದಲ್ಲಿ ‘ಮುಕ್ತಿ’ಯಂಥ ಕಾದಂಬರಿ ಬರೆದವರು, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಅವರೇ. ಮರಾಠಿ ನಾಡಿನ ಮಕ್ಕಳಿಗೆ ಕನ್ನಡಿಗರು ಇಂಗ್ಲಿಷು ಕಲಿಸಿದರು, ಯಾರೂ ಆಕ್ಷೇಪಿಸಲಿಲ್ಲ.

ಆದರೆ ಅವರು ಮಹಾವಿದ್ವಾಂಸರು, ಸಾಮಾನ್ಯ ಶಾಲಾ ಶಿಕ್ಷಕನ ಮಾತೇನು ಎನ್ನುವಿರಿ. ಅದನ್ನೇ ಈಗ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಮ್ಮ ಹುಡುಗನಿಗೆ ಇಂಗ್ಲಿಷು ಎಲ್ಲಿ ಎಡವಿಸುತ್ತದೆ? “ನನಗೆ ಹಸಿವಾಗಿದೆ” ಎಂಬ ಮಾತನ್ನು ತೆಗೆದುಕೊಳ್ಳಿರಿ. ಕನ್ನಡದಲ್ಲಿ ಹಸಿವು ಆಗುತ್ತದೆ, ಅದು ನನಗೆ ಆಗುತ್ತದೆ. ‘ನಾನು’ ಎಂಬುದು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ‘ಐ’ ಎಂಬುದೇ ಕರ್ತೃ, ಅದೇ ಮುಂದೆ ಬಂದು ನಿಲ್ಲಬೇಕು: “ಐ ಆ್ಯಮ್ ಹಂಗ್ರಿ.” ನಮ್ಮ ಹುಡುಗ “ಹಂಗರ್ ಈಸ್ ಕಮಿಂಗ್ ಟು ಮಿ” ಎಂದರೆ ಲಂಡನ್ನಿನಿಂದ ಬಂದ ಶಿಕ್ಷಕ ತಪ್ಪೆಂದು ತಿದ್ದಬಲ್ಲ, ಆದರೆ ಆ ತಪ್ಪು ಯಾವ ಮನೆಯಿಂದ ಎದ್ದು ಬಂತೆಂದು ಅವನಿಗೆ ತಿಳಿಯದು. ನಮಗೆ ತಿಳಿಯುತ್ತದೆ. ಹಸಿವು, ನೀರಡಿಕೆ, ಚಳಿ, ಭಯ, ನೆನಪು, ಇಷ್ಟು ಮಾತುಗಳನ್ನು ಒಂದೇ ಸಾಲಿನಲ್ಲಿ ಹಲಗೆಯ ಮೇಲೆ ಬರೆದು ‘ನನಗೆ’ ಎಂಬುದು ‘ಐ’ ಆಗುವ ಬಗೆಯನ್ನು ಒಂದು ತಾಸಿನಲ್ಲಿ ತೋರಿಸಿದರೆ ಎಷ್ಟೋ ತಿಂಗಳ ತಿದ್ದುವಿಕೆ ಉಳಿಯುತ್ತದೆ.

ಇನ್ನೊಂದು, ‘ಎ’ ಮತ್ತು ‘ದಿ’ ಎಂಬ ಉಪಪದಗಳು. ಇವು ಕನ್ನಡದಲ್ಲಿ ಇಲ್ಲವೆಂದು ನಾವು ಹೇಳುತ್ತ ಬಂದಿದ್ದೇವೆ, ಮಕ್ಕಳೂ ಹೆದರುತ್ತ ಬಂದಿದ್ದಾರೆ. ಪೂರ್ತಿ ನಿಜವಲ್ಲ. ಅಜ್ಜಿ ಕಥೆ ಹೇಳುವಾಗ ಏನೆನ್ನುತ್ತಾಳೆ? “ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜಗ ಇಬ್ಬರು ಹೆಂಡರು.” ಮೊದಲ ಸಲ ‘ಒಬ್ಬ’, ಎರಡನೆಯ ಸಲ ‘ಆ’. ಇಂಗ್ಲಿಷಿನ ‘ಎ’ಯೂ ‘ದಿ’ಯೂ ಮಾಡುವ ಕೆಲಸದ ಬಹುಭಾಗ ಇಷ್ಟೇ. ಬಾಕಿ ಉಳಿದದ್ದು ಕಷ್ಟದ್ದು ಹೌದು, ಅದಕ್ಕೆ ವರ್ಷಗಳು ಬೇಕು. ಆದರೆ ಬಾಗಿಲು ಅಜ್ಜಿಯ ಕಥೆಯಿಂದಲೇ ತೆರೆಯುತ್ತದೆ. ‘ಮನೆಯಲ್ಲಿ’ ಎಂಬಾಗ ‘ಅಲ್ಲಿ’ ಎಂಬ ಪ್ರತ್ಯಯ ಹಿಂದೆ ಬರುತ್ತದೆ, ‘ಇನ್ ದಿ ಹೌಸ್’ ಎಂಬಾಗ ಅದೇ ಕೆಲಸದ ಮಾತು ಮುಂದೆ ಬರುತ್ತದೆ. ಕ್ರಿಯಾಪದವೋ ನಮ್ಮಲ್ಲಿ ವಾಕ್ಯದ ಕೊನೆಗೆ ಕುಳಿತುಕೊಳ್ಳುವ ಹಿರಿಯ, ಅವರಲ್ಲಿ ನಡುವೆ ನಿಲ್ಲುವ ಆಳು. ಈ ಹೋಲಿಕೆಗಳನ್ನು ಬಲ್ಲವನು ಎರಡೂ ಭಾಷೆಗಳಲ್ಲಿ ಬಾಳಿದವನು ಮಾತ್ರ. ನಮ್ಮ ಭಾಗದ ಮಗುವಂತೂ ಕನ್ನಡ, ಮರಾಠಿ, ಇಂಗ್ಲಿಷು, ಹಿಂದಿಗಳ ನಡುವೆ ಓಡಾಡುವಂಥದು. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ವಿಷಯವಾಗಿದೆ. ಇಂಥ ಮಗುವಿನ ಮುಂದೆ ನಿಲ್ಲುವ ಶಿಕ್ಷಕನಿಗೆ ಈ ಭಾಷೆಗಳ ನೆರೆಹೊರೆಯ ಜ್ಞಾನ ಇರಬೇಕಾದದ್ದು ಅಲಂಕಾರಕ್ಕಲ್ಲ.

ಬಲವನ್ನು ಹೇಳಿದ ಮೇಲೆ ಕುಂದನ್ನೂ ಹೇಳದಿದ್ದರೆ ಅದು ಹುಸಿ ಸಮಾಧಾನವಾದೀತು. ನಾನು ಬಿ.ಎಡ್. ಮುಗಿಸಿದ ಹೊಸತರಲ್ಲಿ ಒಂದು ಆಂಗ್ಲ ಮಾಧ್ಯಮ ಶಾಲೆಗೆ ಸಂದರ್ಶನಕ್ಕೆ ಹೋಗಿದ್ದೆ. ಪಾಠ ಮಾಡಿ ತೋರಿಸೆಂದರು. ವ್ಯಾಕರಣದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಆದರೆ ‘ಓನ್ಲಿ’ ಎಂಬ ಮಾತು ನನ್ನ ಬಾಯಲ್ಲಿ ‘ವೋನ್ಲಿ’ ಆಯಿತು, ‘ಎಗ್’ ಎಂಬುದು ‘ಯೆಗ್’ ಆಯಿತು. ಎದುರಿಗೆ ಕುಳಿತವರಲ್ಲಿ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ನಿಮ್ಮ ಶಿಕ್ಷಣವೆಲ್ಲ ಯಾವ ಮಾಧ್ಯಮದಲ್ಲಿ ಆಯಿತೆಂದು ಕೇಳಿ, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲ. ಬಸ್ಸಿನಲ್ಲಿ ಮರಳುವಾಗ ಸಿಟ್ಟು ಬಂದಿತ್ತು. ಮನೆ ತಲುಪುವ ಹೊತ್ತಿಗೆ ಮಾತ್ರ ಅವರ ನಗೆ ತಪ್ಪಾದರೂ ಅವರ ಕಿವಿ ತಪ್ಪಲ್ಲವೆಂದು ಅರ್ಥವಾಗಿತ್ತು. ಪದದ ಮೊದಲಲ್ಲಿ ಎ, ಒ ಸ್ವರಗಳು ಬಂದಾಗ ಯಕಾರ ವಕಾರಗಳನ್ನು ಜೋಡಿಸುವುದು ನಮ್ಮ ನಾಲಗೆಯ ಹಳೆಯ ರೂಢಿ. ಕನ್ನಡದಲ್ಲಿ ಅದು ದೋಷವಲ್ಲ. ಇಂಗ್ಲಿಷಿಗೆ ಅದನ್ನು ಒಯ್ಯಬಾರದು, ಅಷ್ಟೇ.

ಅದಕ್ಕಿಂತ ದೊಡ್ಡ ತೊಡಕು ಒತ್ತಿನದು. ನಾವು ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮವಾದ ಬಲ ಕೊಡುತ್ತೇವೆ. ಇಂಗ್ಲಿಷಿನಲ್ಲಿ ‘ಫೋಟೊಗ್ರಾಫ್’ ಎಂಬಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ‘ಫಟಾಗ್ರಫರ್’ ಎಂಬಲ್ಲಿ ಎರಡನೆಯದಕ್ಕೆ ಜಿಗಿಯುತ್ತದೆ, ಅದರೊಡನೆ ಸ್ವರಗಳೂ ಬದಲಾಗುತ್ತವೆ. ಇಪ್ಪತ್ತಾರು ಅಕ್ಷರಗಳಿಂದ ಸುಮಾರು ನಲವತ್ತನಾಲ್ಕು ಧ್ವನಿಗಳನ್ನು ಬರೆಯುವ ಭಾಷೆಯದು. ಬರೆದಂತೆ ಓದುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಆದಕಾರಣ ಹೊಸ ಶಿಕ್ಷಕನು ಪ್ರಮಾಣಪತ್ರ ಕೈಗೆ ಬಂದ ಮರುದಿನದಿಂದಲೇ ಮಾಡಬೇಕಾದ ಕೆಲಸವೊಂದಿದೆ. ಒತ್ತಿನ ಗುರುತುಗಳಿರುವ ಒಳ್ಳೆಯ ನಿಘಂಟನ್ನು ಕೊಂಡು, ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಮುದ್ರಿಸಿಕೊಂಡು ತಾನೇ ಕೇಳುವುದು. ಮೊದಲ ವಾರ ತನ್ನ ದನಿಯನ್ನು ಕೇಳಲು ನಾಚಿಕೆಯಾಗುತ್ತದೆ. ಆಮೇಲೆ ರೂಢಿಯಾಗುತ್ತದೆ. ಇಂಗ್ಲೆಂಡಿನವರಂತೆ ಮಾತಾಡಲು ಹೆಣಗಬೇಕಾಗಿಲ್ಲ. ಬೇರೆ ನಾಡಿನವನಿಗೆ ಮಾತು ಒಮ್ಮೆಗೇ ತಿಳಿದರೆ ಸಾಕು.

ಈಗ ನೌಕರಿಯ ಮಾತು. ಇಲ್ಲಿ ಪಾಲಕರು ಚೆನ್ನಾಗಿ ಗಮನವಿಟ್ಟು ಓದಬೇಕು. ಏಕೆಂದರೆ ನಾವು ಕಲಿತ ಕಾಲದ ನಿಯಮಗಳು ಈಗಿಲ್ಲ. 1950ರ ದಶಕದ ಮುಂಬಯಿ ರಾಜ್ಯದಲ್ಲಿ ಇಂಗ್ಲಿಷು ಎಂಟನೆಯ ಇಯತ್ತೆಯಿಂದ ಮೊದಲಾಗುತ್ತಿತ್ತು. ಮುಂದೆ ಐದನೆಯದರಿಂದ ಆಯಿತು. 2000ನೆಯ ಇಸವಿಯಿಂದ ಮಹಾರಾಷ್ಟ್ರದಲ್ಲಿ ಯಾವ ಮಾಧ್ಯಮದ ಶಾಲೆಯಾದರೂ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷು ವಿಷಯವಿದೆ. ಹಾಗಾದರೆ ಬಿ.ಎಡ್. ಆದವರಿಗೆ ಚಿಕ್ಕ ಮಕ್ಕಳ ವರ್ಗವೂ ತೆರೆದಿದೆಯಲ್ಲ ಎಂದು ತೋರಬಹುದು. ಇಲ್ಲ. ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಪದವಿ ಅರ್ಹತೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ, ಅಲ್ಲಿಗೆ ಡಿ.ಎಲ್.ಎಡ್. ಬೇಕು. ಬಿ.ಎಡ್. ಆದವರು ಆರನೆಯದರಿಂದ ಮೇಲೆ ನೋಡಬೇಕು.

ಆರರಿಂದ ಎಂಟರವರೆಗೆ ಕಲಿಸಲು ಶಿಕ್ಷಕ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ.ಯ ಎರಡನೆಯ ಪತ್ರಿಕೆ, ಕಡ್ಡಾಯ. 2010ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಹೊರಡಿಸಿದ ಅಧಿಸೂಚನೆಯಿಂದ ಇದು ಬಂದಿತು. ಮಹಾರಾಷ್ಟ್ರದಲ್ಲಿ ಮೊದಲ ಪರೀಕ್ಷೆ 2013ರಲ್ಲಿ ನಡೆಯಿತು. 150 ಅಂಕಗಳ ಪತ್ರಿಕೆ. ಸಾಮಾನ್ಯ ವರ್ಗದವರಿಗೆ ನೂರಕ್ಕೆ ಅರವತ್ತು, ಅಂದರೆ 90 ಅಂಕ ಬೇಕು. ಭಾಷಾವಿಷಯದಲ್ಲಿ ಕನ್ನಡವನ್ನು ಆರಿಸಿಕೊಳ್ಳುವ ಅವಕಾಶವೂ ಇದೆಯೆಂಬುದನ್ನು ನಮ್ಮ ಮಕ್ಕಳು ಮರೆಯಬಾರದು. ಮೊದಲು ಈ ಪ್ರಮಾಣಪತ್ರಕ್ಕೆ ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಅದನ್ನು ಆಜೀವ ಮಾಡಿದರು. ಆದ್ದರಿಂದ ಕಲಿತದ್ದು ಹಸಿಯಾಗಿರುವಾಗಲೇ ಬರೆದು ಮುಗಿಸುವುದು ಜಾಣತನ. ಇದರ ಮೇಲೆ ಶಿಕ್ಷಕರ ಅಭಿಯೋಗ್ಯತೆ ಹಾಗೂ ಬುದ್ಧಿಮತ್ತೆಯ ಪರೀಕ್ಷೆ ಬೇರೆ ಇದೆ; ಮಂದಿ ‘ಟೇಟ್’ ಎಂದು ಕರೆಯುವ ಅದು 2017ರಲ್ಲಿ ಆರಂಭವಾಯಿತು, ವರ್ಷವರ್ಷ ತಪ್ಪದೆ ನಡೆಯುವಂಥದಲ್ಲ. ಅದರ ಅಂಕಗಳ ಮೇಲೆ ‘ಪವಿತ್ರ’ ಎಂಬ ಸರಕಾರಿ ಸಂಕೇತಸ್ಥಳದ ಮೂಲಕ ನೇಮಕಾತಿ ಆಗುತ್ತದೆ. ಬಂದ ಅವಕಾಶವನ್ನು ಮದುವೆ-ಮುಂಜಿಯ ನೆವದಿಂದ ಬಿಟ್ಟವರು ವರ್ಷಗಟ್ಟಲೆ ಕಾಯ್ದದ್ದನ್ನು ಕಂಡಿದ್ದೇನೆ.

ಇನ್ನೊಂದು ಸುದ್ದಿ ಈಗಾಗಲೇ ಸೇವೆಯಲ್ಲಿರುವವರನ್ನೂ ತಟ್ಟಿದೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕೆಂದು ಹೇಳಿತು, ಅಲ್ಪಸಂಖ್ಯಾತರ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠದ ವಿಚಾರಕ್ಕೆ ಬಿಟ್ಟಿತು. ಆ ಪೀಠ ಏನೇ ಹೇಳಲಿ, ನಲವತ್ತು ದಾಟಿದ ನಾನು ಬಾಲಮನೋವಿಜ್ಞಾನದ ಪುಸ್ತಕವನ್ನು ಮತ್ತೆ ತೆರೆದಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಇದೊಂದು ವಿನೋದವಾಗಿದೆ.

ಗಡಹಿಂಗ್ಲಜ ಕಡೆಯ ಪಾಲಕರು ಒಂದು ವಿಷಯವನ್ನು ಪದೇ ಪದೇ ಕೇಳುತ್ತಾರೆ. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ಸವಲತ್ತು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಮತ್ತು ಗಡಹಿಂಗ್ಲಜ ತಾಲೂಕುಗಳಿಗೆ ಇದೆ. ಇಚಲಕರಂಜಿ ಹಾತಕಣಂಗಲೆ ತಾಲೂಕಿನದಾದ್ದರಿಂದ ಆ ಯಾದಿಯಲ್ಲಿಲ್ಲ. ಆದರೆ ಅದು ಕಾಲೇಜಿನ ಸೀಟಿನ ಮಾತು, ಶಿಕ್ಷಕನ ನೌಕರಿಯ ಮಾತಲ್ಲ. ಎರಡನ್ನೂ ಒಂದೆಂದು ತಿಳಿದು ಓಡಾಡಿ ಹಣ ಕಳೆದುಕೊಳ್ಳಬಾರದು.

ನೌಕರಿಗಾಗಿ ಕಾಯುವ ಕಾಲವನ್ನು ಹೇಗೆ ಕಳೆಯಬೇಕು? ಮನೆಯಲ್ಲಿ ಕುಳಿತು ಕಳೆಯಬಾರದು. ಸಂಬಳ ಕಡಿಮೆಯಾದರೂ ಯಾವುದಾದರೂ ಶಾಲೆಯಲ್ಲಿ ಮಕ್ಕಳ ಮುಂದೆ ನಿಲ್ಲಬೇಕು. ಬಿ.ಎಡ್.ನ ಅಭ್ಯಾಸಪಾಠಗಳಲ್ಲಿ ಮಕ್ಕಳು ಅತಿಥಿಯ ಮುಂದೆ ಕುಳಿತಂತೆ ಕುಳಿತಿರುತ್ತಾರೆ. ನಿಜವಾದ ವರ್ಗ ಬೇರೆ. ಇಲ್ಲಿ ನಾನು ಎನ್. ಎಸ್. ಪ್ರಭು ಅವರ ಪ್ರಯೋಗವನ್ನು ಹೊಸ ಶಿಕ್ಷಕರಿಗೆ ತಪ್ಪದೆ ಹೇಳುತ್ತೇನೆ. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ವ್ಯಾಕರಣದ ಪಾಠಗಳ ಸರಣಿಯನ್ನು ಬದಿಗಿಟ್ಟು ನೋಡಿದರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು, ಮೊದಲು ವರ್ಗದವರೆಲ್ಲ ಕೂಡಿ ಶಿಕ್ಷಕರೊಡನೆ ಇಂಗ್ಲಿಷಿನಲ್ಲಿಯೇ ಒಂದು ಸಮಸ್ಯೆಯನ್ನು ಬಿಡಿಸುವುದು. ಅನಂತರ ಅದರಂಥದೇ ಇನ್ನೊಂದನ್ನು ಪ್ರತಿಯೊಬ್ಬ ಹುಡುಗನೂ ಒಬ್ಬನೇ ಬಿಡಿಸುವುದು. ಉತ್ತರ ಹುಡುಕುವ ಗಡಿಬಿಡಿಯಲ್ಲಿ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ಎಣಿಕೆ. 1987ರಲ್ಲಿ ಈ ಅನುಭವ ಪುಸ್ತಕರೂಪದಲ್ಲಿ ಬಂದ ಮೇಲೆ ‘ಬೆಂಗಳೂರು ಯೋಜನೆ’ ಎಂಬ ಹೆಸರು ಜಗತ್ತಿನ ಭಾಷಾಶಿಕ್ಷಕರಿಗೆಲ್ಲ ಪರಿಚಿತವಾಯಿತು. ಬಡಮಕ್ಕಳ, ತುಂಬಿದ ವರ್ಗದ, ಇಂಗ್ಲಿಷು ತಾಯ್ನುಡಿಯಲ್ಲದ ಶಿಕ್ಷಕರ ನಡುವಿನಿಂದಲೇ ಅದು ಹೊರಟಿತೆಂಬುದನ್ನು ಗಮನಿಸಬೇಕು. ಅದರ ಎಲ್ಲ ಮಾತುಗಳನ್ನೂ ನಾನು ಒಪ್ಪಿದವನಲ್ಲ. ಪರೀಕ್ಷೆಯ ದೃಷ್ಟಿಯಿಂದ ಸ್ವಲ್ಪ ವ್ಯಾಕರಣವನ್ನು ನೇರವಾಗಿ ಹೇಳಲೇಬೇಕೆಂಬ ಹಳೆಯ ಚಟ ನನ್ನದು.

ಎರಡು ಮೂರು ವರ್ಷ ಕಲಿಸಿದ ಮೇಲೆಯೇ ಮುಂದಿನ ಓದಿನ ಆಯ್ಕೆ ಮಾಡುವುದು ಲೇಸು. ಆಗ ತನಗೆ ಏನು ಬಾರದೆಂಬುದು ತಿಳಿದಿರುತ್ತದೆ. ಹೈದರಾಬಾದಿನ ಹಳೆಯ ಕೇಂದ್ರೀಯ ಸಂಸ್ಥೆ ಈಗ ‘ಇಫ್ಲು’ ಎಂದು ಪ್ರಸಿದ್ಧವಾದ ಇಂಗ್ಲಿಷು ಹಾಗೂ ವಿದೇಶಿ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯ. ಇಂಗ್ಲಿಷು ಬೋಧನೆಯ ಸ್ನಾತಕೋತ್ತರ ಪ್ರಮಾಣಪತ್ರ ಮತ್ತು ಡಿಪ್ಲೊಮಾ ಅದರ ವಿಶೇಷ. ದೂರಶಿಕ್ಷಣದಲ್ಲಿಯೂ ಇವುಗಳನ್ನು ನಡೆಸುತ್ತ ಬಂದಿದೆ, ಆಯಾ ವರ್ಷದ ಪ್ರಕಟಣೆ ನೋಡಿ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯ ಮೂವತ್ತು ದಿನದ ತರಬೇತಿ ಬಹಳ ಒಳ್ಳೆಯದು, ಆದರೆ ಅದು ದಕ್ಷಿಣದ ರಾಜ್ಯಗಳು ಕಳಿಸಿಕೊಟ್ಟ ಸೇವಾನಿರತ ಶಿಕ್ಷಕರಿಗಾಗಿ ಇರುವಂಥದು. ಮಹಾರಾಷ್ಟ್ರದ ಸೇವೆಯಲ್ಲಿರುವ ನಮಗೆ ಎಟುಕದು. ಮನೆಯಿಂದಲೇ ಓದಬೇಕಾದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಇಂಗ್ಲಿಷು ಬೋಧನೆಯ ಪ್ರಮಾಣಪತ್ರವಿದೆ. ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ ದಾರಿ ಬೇರೆಯೇ: ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 55 ಅಂಕ, ಆ ಮೇಲೆ ನೆಟ್ ಅಥವಾ ಸೆಟ್ ಪರೀಕ್ಷೆ. ಎ. ಕೆ. ರಾಮಾನುಜನ್ನರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದವರು. ವರ್ಷಗಳ ಪಾಠದ ಬಳಿಕ ಪುಣೆಯ ಡೆಕ್ಕನ್ ಕಾಲೇಜಿಗೆ ಭಾಷಾಶಾಸ್ತ್ರ ಕಲಿಯಲು ಹೋದರು, ಅಲ್ಲಿಂದ 1959ರಲ್ಲಿ ಅಮೇರಿಕೆಗೆ.

ಪರದೇಶದ ಆಸೆ ಈಗಿನ ಮಕ್ಕಳಿಗೆ ಹೆಚ್ಚು. ಬೈಯುವ ಕಾರಣವಿಲ್ಲ, ಆದರೆ ತಿಳಿದು ಹೊರಡಬೇಕು. ದಕ್ಷಿಣ ಕೊರಿಯವು ಇಂಗ್ಲಿಷು ಬೋಧಕರ ವೀಸಾವನ್ನು ಇಂಗ್ಲಿಷು ತಾಯ್ನುಡಿಯ ಏಳು ದೇಶಗಳ ಪ್ರಜೆಗಳಿಗೆಂದು ಕಾಯ್ದಿರಿಸಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಒಪ್ಪಂದದಿಂದ ಬೋಧನಾ ಅರ್ಹತೆಯುಳ್ಳ ಭಾರತೀಯರಿಗೂ ಕಿರಿದಾದ ಬಾಗಿಲು ತೆರೆಯಿತು. ಬಾಗಿಲು ತೆರೆದರೂ ಒಳಗಿನವರು ಮುಖ ನೋಡಿ ಆರಿಸುವುದುಂಟು; ತಾಯ್ನುಡಿಯ ಕಾರಣದಿಂದ ಶಿಕ್ಷಕರಲ್ಲಿ ಭೇದ ಮಾಡಬಾರದೆಂದು ಇಂಗ್ಲಿಷು ಬೋಧಕರ ಅಂತರರಾಷ್ಟ್ರೀಯ ಸಂಘವಾದ ‘ಟೆಸಾಲ್’ 2006ರಲ್ಲಿ ಹೇಳಿಕೆಯನ್ನೇ ಕೊಡಬೇಕಾಯಿತು. ಮೊಬೈಲಿನಲ್ಲಿ ಎರಡು ದಿನದಲ್ಲಿ ಸಿಗುವ ‘ಅಂತರರಾಷ್ಟ್ರೀಯ ಪ್ರಮಾಣಪತ್ರ’ಗಳ ಜಾಹೀರಾತಿಗೆ ಮೋಸಹೋಗಬೇಡಿರಿ. ಕೇಂಬ್ರಿಜ್ಜಿನ ‘ಸೆಲ್ಟಾ’ದಂಥ ನಿಜವಾದ ಪ್ರಮಾಣಪತ್ರಕ್ಕೆ ಸುಮಾರು 120 ತಾಸಿನ ತರಬೇತಿ, ಅದರೊಳಗೇ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ತಾಸಿನ ಪಾಠ, ಅದನ್ನು ಕುಳಿತು ನೋಡುವ ಪರೀಕ್ಷಕರು ಇರುತ್ತಾರೆ. ಯಾವ ಪ್ರಮಾಣಪತ್ರವೇ ಇರಲಿ, ನೀವು ಪಾಠ ಮಾಡಿದ್ದನ್ನು ಯಾರು ಕುಳಿತು ನೋಡುತ್ತಾರೆಂದು ಮೊದಲು ಕೇಳಿರಿ.

ನನಗೆ ಒಂದು ಸ್ವಾರ್ಥವಿದೆ, ಅದನ್ನು ಮುಚ್ಚಿಡಲಾರೆ. ಮಗುವಿಗೆ ಇಂಗ್ಲಿಷು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಪಾಲಕರು ಕನ್ನಡ ಶಾಲೆಯಿಂದ ದಾಖಲೆ ಬಿಡಿಸಿಕೊಂಡು ಹೋಗುವಾಗ ಆ ಪತ್ರಕ್ಕೆ ಸಹಿ ಹಾಕುವವನು ನಾನು. ಅವರ ದೂರು ಎಷ್ಟೋ ಸಲ ನಿಜವೇ ಆಗಿರುತ್ತದೆ. ಚೆನ್ನಾಗಿ ಇಂಗ್ಲಿಷು ಕಲಿಸಬಲ್ಲ ಕನ್ನಡದ ಮಕ್ಕಳು ಓದು ಮುಗಿದೊಡನೆ ಬೇರೆ ಕಡೆಗೆ ಹೋಗುತ್ತಾರೆ. ಹೆಚ್ಚಿನ ಸಂಬಳ ಅಲ್ಲಿರುವಾಗ ಇಲ್ಲಿಯೇ ಇರೆಂದು ಹೇಳುವ ಅಧಿಕಾರ ನನಗೆ ಎಲ್ಲಿಯದು? ಅಂದು ಆ ಹುಡುಗಿಗೂ ಹಾಗೆ ಹೇಳಲಿಲ್ಲ. ಮುಂದಿನ ಟಿ.ಇ.ಟಿ. ಬರೆಯುವ ತನಕ ಬೆಳಗಿನ ಹೊತ್ತು ನಮ್ಮ ಏಳನೆಯ ಇಯತ್ತೆಗೆ ಬಂದು ಕಲಿಸುವೆಯಾ ಎಂದಷ್ಟೇ ಕೇಳಿದೆ. ಸಂಸ್ಥೆ ಕೊಡಬಹುದಾದ ಗೌರವಧನ ಎಷ್ಟು ಚಿಕ್ಕದೆಂಬುದನ್ನೂ ಹೇಳಿದೆ. ತಂದೆ ಬಹಳ ಹೊತ್ತು ಸುಮ್ಮನಿದ್ದರು. “ಪಾಳಿ ಬಿಟ್ಟು ಬರೂವಾಗ ನಾನ ಸಾಲೀ ಮುಂದ ಇಳಿಸಿ ಹೋಗ್ತೇನ್ರಿ” ಎಂದು ಎದ್ದರು.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಎರಡನೆಯ ವಾರ ಆಕೆಯ ವರ್ಗದ ಮುಂದೆ ಹಾಯ್ದು ಹೋಗುತ್ತಿದ್ದೆ. ಹಲಗೆಯ ಮೇಲೆ ಇಚಲಕರಂಜಿಯಿಂದ ಕೊಲ್ಹಾಪುರಕ್ಕೂ ಗಡಹಿಂಗ್ಲಜಕ್ಕೂ ಹೋಗುವ ಎಸ್.ಟಿ. ಬಸ್ಸುಗಳ ವೇಳಾಪಟ್ಟಿ ಇತ್ತು. ಗಡಹಿಂಗ್ಲಜದ ಮದುವೆಗೆ ಅಕ್ಷತೆಯ ಹೊತ್ತಿಗೆ ಮುಟ್ಟಬೇಕಾದರೆ ಯಾವ ಬಸ್ಸು ಹಿಡಿಯಬೇಕೆಂದು ಮೂವತ್ತು ಮಕ್ಕಳು ಮುರುಕು ಇಂಗ್ಲಿಷಿನಲ್ಲಿ ಜಗಳಾಡುತ್ತಿದ್ದರು. ಗದ್ದಲವಾಗುತ್ತಿದೆಯೆಂದು ಪಕ್ಕದ ವರ್ಗದ ಮಾಸ್ತರರು ನನ್ನ ಬಳಿ ದೂರು ತಂದರು. ಬಾಗಿಲು ಮುಂದೆ ಮಾಡಿಕೊಂಡು ಕಲಿಸಿರಿ ಎಂದು ಅವರಿಗೇ ಹೇಳಿ ಕಳಿಸಿದೆ.